ಕಾಡಿನಲ್ಲಿ ಧ್ಯಾನಕ್ಕೆ ಕೂತರೆ ಕಣ್ಣು ಮುಚ್ಚಬೇಕೋ, ತೆರೆದಿರಬೇಕೋ?

ಕರಡು ತಿದ್ದುವವ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಹಿನ್ನೆಲೆ ಸ್ವಲ್ಪ ಉದ್ದ. ಸಹಿಸಿಕೊಳ್ಳಿ.

ನಾನು ಬೆಂಗಳೂರಿನ ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ಲಗ್ನಪತ್ರಿಕೆಯಿಂದ ಹಿಡಿದು ಪಿಎಚ್‌.ಡಿ. ಪ್ರಬಂಧದವರೆಗೆ ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಈ ಕೆಲಸ ಅಂಟಿಸಿದ ರೋಗವೆಂದರೆ, ಕಣ್ಣಿಗೆ ಬಿದ್ದುದನ್ನೆಲ್ಲ ಓದುವುದು, ಓದಿದ್ದರಲ್ಲೆಲ್ಲ ತಪ್ಪು ಹುಡುಕುವುದು. ಆಟೋದ ಹಿಂದೆ ಬರೆದ ‘ಧನ್ಯವಾಧಗಳು’ ನನ್ನ ಇಡೀ ಬೆಳಗನ್ನು ಕೆಡಿಸಬಲ್ಲದು.

ಕಳೆದ ಜನವರಿಯಲ್ಲಿ ರಜೆ ಕೂಡಿಸಿಕೊಂಡು, ತುಮಕೂರು ರಸ್ತೆಯ ಆಲೂರಿನ ಬಳಿ ಇರುವ ಧಮ್ಮ ಪಫುಲ್ಲ ಕೇಂದ್ರದಲ್ಲಿ ವಿಪಶ್ಯನ ಎಂಬ ಬೌದ್ಧ ಧ್ಯಾನದ ಹತ್ತು ದಿನಗಳ ಶಿಬಿರ ಮುಗಿಸಿದೆ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ಮಾತಿಲ್ಲ, ಓದಿಲ್ಲ, ಬರಹವಿಲ್ಲ. ಮೊದಲ ಮೂರು ದಿನ ಮೂಗಿನ ಹೊಳ್ಳೆಯ ಬಳಿ ಉಸಿರನ್ನು ಗಮನಿಸುವುದು, ನಾಲ್ಕನೆಯ ದಿನದಿಂದ ತಲೆಯಿಂದ ಪಾದದವರೆಗೆ ಮೈಯ ಸಂವೇದನೆಗಳನ್ನು ಗಮನಿಸುವುದು. ಆರನೆಯ ದಿನ ಉಪ್ಪಿನ ಪ್ಯಾಕೆಟ್ಟಿನ ಮೇಲಿದ್ದುದನ್ನು ಕದ್ದು ಮೂರು ಸಲ ಓದಿದೆ ಎಂಬುದನ್ನು ಬಿಟ್ಟರೆ ನಿಯಮ ಮುರಿಯಲಿಲ್ಲ. ಹೊರಗೆ ಬಂದಾಗ ತಲೆ ತೊಳೆದಿಟ್ಟ ಸ್ಲೇಟಿನಂತಿತ್ತು. ಮನೆಯಲ್ಲಿ ಬೆಳಗ್ಗೆ ಒಂದು ಗಂಟೆ ಕೂರುವುದನ್ನು ಇಂದಿಗೂ ಬಿಟ್ಟಿಲ್ಲ.

ತೊಂದರೆ ಶುರುವಾದದ್ದು ಕಾಡಿನಿಂದ. ನನ್ನ ಮನೆ ವಜರಹಳ್ಳಿ ಮೆಟ್ರೋ ನಿಲ್ದಾಣದ ಹತ್ತಿರ, ತುರಹಳ್ಳಿ ಕಾಡು ಅಲ್ಲಿಂದ ದೂರವಿಲ್ಲ. ಗೋಡೆ ನೋಡಿಕೊಂಡು ಕೂರುವ ಬದಲು ಭಾನುವಾರವಾದರೂ ಬಂಡೆಯ ಮೇಲೆ ಕೂರೋಣ, ಮರ, ಗಾಳಿ, ಹಕ್ಕಿ ಎಲ್ಲ ಸೇರಿದರೆ ಧ್ಯಾನ ಇನ್ನಷ್ಟು ಆಳಕ್ಕೆ ಹೋದೀತು ಎಂದುಕೊಂಡೆ. ಹಾಗಾಗಲಿಲ್ಲ. ಕಣ್ಣು ಮುಚ್ಚಿದರೆ, ‘ಇದಕ್ಕಾಗಿ ಇಷ್ಟು ದೂರ ಬರಬೇಕಿತ್ತೇ, ಮನೆಯಲ್ಲೇ ಮುಚ್ಚಿಕೊಳ್ಳಬಹುದಿತ್ತಲ್ಲ’ ಎನ್ನಿಸುತ್ತದೆ. ಕಣ್ಣು ತೆರೆದರೆ ಕರಡು ತಿದ್ದುವುದು ಶುರು. ಅದು ಹೊಂಗೆ. ಇದು ಜಾಲಿ. ಆ ಕೂಗು ಕುಟ್ರುಹಕ್ಕಿಯದು. ಅಲ್ಲಿ ಪ್ಲಾಸ್ಟಿಕ್ ಕವರ್ ಬಿದ್ದಿದೆ, ಅದು ತಪ್ಪು. ಈ ನೀಲಗಿರಿ ಇಲ್ಲಿರಬಾರದಿತ್ತು, ಅದೂ ತಪ್ಪು. ಅರ್ಧ ಗಂಟೆಯಲ್ಲಿ ಇಡೀ ಕಾಡಿಗೆ ಶುದ್ಧಾಶುದ್ಧ ಪತ್ರಿಕೆ ತಯಾರು.

ಕಳೆದ ವಾರ ಇನ್ನೊಂದು ನಡೆಯಿತು. ಕಣ್ಣು ಮುಚ್ಚಿ ಕೂತಿದ್ದೆ. ಬೆನ್ನ ಹಿಂದೆ ತರಗೆಲೆಯಲ್ಲಿ ಸರಸರ. ನಿಂತಿತು. ಮತ್ತೆ ಸರಸರ, ಈ ಸಲ ಹತ್ತಿರ. 2022ರ ಕೊನೆಯಲ್ಲಿ ತುರಹಳ್ಳಿಯ ಸುತ್ತ ಚಿರತೆ ಕಾಣಿಸಿಕೊಂಡ ಸುದ್ದಿಯನ್ನು ಓದಿದ್ದೆ. ಅದು ತಲೆಯಲ್ಲಿ ಶೀರ್ಷಿಕೆ ಸಮೇತ ಮೂಡಿತು. ಕುತ್ತಿಗೆಯ ಹಿಂದೆ ಬಿಸಿ, ಅಂಗೈಯಲ್ಲಿ ಬೆವರು. ‘ಸಂವೇದನೆಯನ್ನು ಗಮನಿಸು, ಅನಿತ್ಯ, ಅನಿತ್ಯ’ ಎಂದು ಹೇಳಿಕೊಂಡೆ. ನಾಲ್ಕು ಉಸಿರು ತಡೆದುಕೊಂಡೆ. ಐದನೆಯದಕ್ಕೆ ಎದ್ದು ತಿರುಗಿದರೆ, ಗೇಣುದ್ದದ ಹಾವುರಾಣಿ. ಅದೂ ನನ್ನಷ್ಟೇ ಗಾಬರಿಯಾಗಿ ನಿಂತಿತ್ತು.

ಇಷ್ಟು ಕಥೆ. ಬೌದ್ಧ ಧ್ಯಾನವನ್ನೂ ಕಾಡಿನಲ್ಲಿ ಸುಮ್ಮನೆ ಎಚ್ಚರದಿಂದ ಇರುವುದನ್ನೂ ಕೂಡಿಸಲು ಸಾಧ್ಯವೇ? ಅಥವಾ ನಾನು ಎರಡು ದೋಣಿಗಳಲ್ಲಿ ಕಾಲಿಟ್ಟಿದ್ದೇನೆಯೇ?

ಹಳೆಯ ಸಾಧಕ:

ಬೆರಕೆ ಮಾಡಬೇಡಿ. ಶಿಬಿರದ ಕೊನೆಯಲ್ಲಿಯೇ ಹೇಳಿರುತ್ತಾರೆ, ಒಂದು ವಿಧಾನ ಹಿಡಿದರೆ ಅದರೊಳಗೆ ಇನ್ನೊಂದನ್ನು ಕಲಸಬೇಡಿ ಎಂದು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮನೆಯಲ್ಲಿ ಕೂರಿ. ಕಾಡಿಗೆ ಹೋಗುವುದಾದರೆ ವಾಯುವಿಹಾರಕ್ಕೆ ಹೋಗಿ. ಮರ ನೋಡಿದರೆ ಸಿಗುವ ಹಿತವೂ ಒಂದು ಅಂಟು ತಾನೇ.

ಅರಳಿಕಟ್ಟೆ:

ಕರಡು ತಿದ್ದುವವರೇ, ನಿಮ್ಮ ಬರಹ ಓದಿ ನಗು ಬಂತು, ಆಮೇಲೆ ಪ್ರೀತಿಯೂ ಬಂತು. ನನಗೀಗ ಎಪ್ಪತ್ತೊಂದು. ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿಗೆ ಮೂವತ್ತೈದು ವರ್ಷಗಳಿಂದ ಹೋಗಿಬರುತ್ತಿದ್ದೇನೆ. ವಿದ್ವಾಂಸಳಲ್ಲ, ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿಯನ್ನು ಒಂದಿಷ್ಟು ಓದಿಕೊಂಡವಳು.

ಮೊದಲು ಎರಡು ದೋಣಿಯ ಮಾತು. ಸತಿಪಟ್ಠಾನ ಸುತ್ತದಲ್ಲಿ (ಸುತ್ತ ಎಂದರೆ ಉಪದೇಶದ ಪಾಠ) ಬುದ್ಧರು ಅಭ್ಯಾಸವನ್ನು ಹೇಳಿಕೊಡುವಾಗ ಆರಂಭವಾಗುವುದೇ ಜಾಗದಿಂದ. ಭಿಕ್ಷುವು ಅರಣ್ಯಕ್ಕೆ ಹೋಗಿ, ಇಲ್ಲವೇ ಮರದ ಬುಡಕ್ಕೆ ಹೋಗಿ, ಇಲ್ಲವೇ ಬರಿದಾದ ಮನೆಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂರುತ್ತಾನೆ. ಉಸಿರಿನ ಮಾತು ಬರುವುದು ಆಮೇಲೆ. ಅರಣ್ಯ ಮೊದಲು, ಮನೆ ಕೊನೆಗೆ, ಗಮನಿಸಿ. ಹುಟ್ಟಿದ್ದು ಸಾಲವೃಕ್ಷದ ಕೆಳಗೆ, ಅರಿವಾದದ್ದು ಅರಳಿಯ ಕೆಳಗೆ, ತೀರಿಕೊಂಡದ್ದು ಎರಡು ಸಾಲವೃಕ್ಷಗಳ ನಡುವೆ. ಅಂಥವರ ದಾರಿಯಲ್ಲಿ ಕಾಡು ಬೆರಕೆಯಾಗುವುದು ಹೇಗೆ?

ಹಳೆಯ ಸಾಧಕರ ಎಚ್ಚರಿಕೆಯನ್ನು ತಳ್ಳಿಹಾಕುವುದಿಲ್ಲ. ವಿಧಾನವನ್ನು ವಾರಕ್ಕೊಮ್ಮೆ ಬದಲಿಸುವವರು ಎಲ್ಲಿಯೂ ಬಾವಿ ತೋಡುವುದಿಲ್ಲ, ಗುಂಡಿ ತೋಡುತ್ತಾರೆ. ಆದರೆ ಹಿತವೆಲ್ಲ ಅಂಟು ಎನ್ನುವುದನ್ನು ಒಪ್ಪಲಾರೆ. ಮೈ ಒಣಗಿಸಿಕೊಂಡು ತಪಸ್ಸು ಮಾಡಿ ಸೋತ ಮೇಲೆ ಬುದ್ಧರಿಗೆ ನೆನಪಾದದ್ದು ಏನು? ಬಾಲ್ಯದಲ್ಲಿ ತಂದೆ ಹೊಲದಲ್ಲಿ ಕೆಲಸದಲ್ಲಿದ್ದಾಗ ತಾನು ನೇರಳೆಯ ಜಾತಿಯ ಜಂಬೂ ಮರದ ತಂಪು ನೆರಳಿನಲ್ಲಿ ಕೂತಿದ್ದು, ಆಗ ಮನಸ್ಸು ತಾನೇ ತಾನಾಗಿ ನೆಮ್ಮದಿಗೆ ಇಳಿದದ್ದು. ಆಸೆಗೆ ಸಂಬಂಧವೇ ಇಲ್ಲದ ಆ ಸುಖಕ್ಕೆ ನಾನು ಏಕೆ ಹೆದರುತ್ತಿದ್ದೇನೆ ಎಂದು ಅವರು ತಮ್ಮನ್ನೇ ಕೇಳಿಕೊಂಡರೆಂದು ಮಹಾಸಚ್ಚಕ ಸುತ್ತ ಹೇಳುತ್ತದೆ. ದಾರಿ ತಿರುಗಿದ್ದು ಆ ನೆರಳಿನ ನೆನಪಿನಲ್ಲಿ.

ಇನ್ನು ನಿಮ್ಮ ಹಾವುರಾಣಿ. ನೀವು ಬರೆದುದನ್ನು ಭಯಭೇರವ ಸುತ್ತದಲ್ಲಿ ಓದಿದಂತಾಯಿತು. ಬುದ್ಧರು ಇನ್ನೂ ಬೋಧಿಯಾಗದ ಕಾಲದಲ್ಲಿ, ಹುಣ್ಣಿಮೆ, ಅಷ್ಟಮಿಯಂಥ ರಾತ್ರಿಗಳಲ್ಲಿ, ಜನ ಹೆದರುವ ತೋಪುಗಳಿಗೆ ಬೇಕೆಂದೇ ಹೋಗಿ ಉಳಿಯುತ್ತಿದ್ದರಂತೆ. ಯಾವುದೋ ಮೃಗ ಹತ್ತಿರ ಬರುತ್ತಿತ್ತು, ನವಿಲು ಕೊಂಬೆ ಮುರಿದು ಬೀಳಿಸುತ್ತಿತ್ತು, ಗಾಳಿ ತರಗೆಲೆ ಸರಿಸುತ್ತಿತ್ತು. ‘ಬಂತಲ್ಲ, ಭಯ ಎಂದರೆ ಇದೇ’ ಎನ್ನಿಸುತ್ತಿತ್ತು. ಆಗ ಅವರು ಮಾಡಿದ್ದು ಇಷ್ಟೇ: ನಡೆಯುತ್ತಿದ್ದಾಗ ಭಯ ಬಂದರೆ ಅದು ಇಳಿಯುವವರೆಗೆ ನಡೆಯುತ್ತಲೇ ಇದ್ದರು, ಕೂತಿದ್ದಾಗ ಬಂದರೆ ಕೂತೇ ಇದ್ದರು. ಭಂಗಿ ಬದಲಿಸಲಿಲ್ಲ. ನೀವು ನಾಲ್ಕು ಉಸಿರು ತಡೆದಿದ್ದೀರಿ. ನಾಲ್ಕು ಸಣ್ಣದಲ್ಲ.

ಕಣ್ಣಿನ ವಿಷಯಕ್ಕೆ ಬರುತ್ತೇನೆ. ನೀವು ಕೂರುವುದರಿಂದ ಶುರುಮಾಡಿದ್ದೇ ಎಡವಟ್ಟು ಎಂದು ನನ್ನ ಅಂದಾಜು. ನಡೆಯಿರಿ. ಪಾಳಿಯಲ್ಲಿ ಇದಕ್ಕೆ ಚಂಕಮ ಎನ್ನುತ್ತಾರೆ, ಸಂಸ್ಕೃತದ ಚಂಕ್ರಮಣ. ಎರಡು ಗುರುತು ಇಟ್ಟುಕೊಳ್ಳಿ, ಈ ಮರದಿಂದ ಆ ಕಲ್ಲಿನವರೆಗೆ, ಇಪ್ಪತ್ತೈದು ಮೂವತ್ತು ಹೆಜ್ಜೆ ಸಾಕು. ಹೋಗಿ, ನಿಂತು, ತಿರುಗಿ, ಬನ್ನಿ. ಕಣ್ಣು ತೆರೆದಿರಲೇಬೇಕು, ಆದರೆ ನೋಟ ನಾಲ್ಕಾರು ಹೆಜ್ಜೆ ಮುಂದಿನ ನೆಲದ ಮೇಲೆ. ಗಮನ ಅಂಗಾಲಿನಲ್ಲಿ. ಥಾಯ್ಲೆಂಡಿನ ಅರಣ್ಯ ಪರಂಪರೆಯ ಭಿಕ್ಷುಗಳು, ಅಜಾನ್ ಮುನ್ ಅವರಿಂದ ಅಜಾನ್ ಚಾ ಅವರವರೆಗೆ, ಗಂಟೆಗಟ್ಟಲೆ ಹೀಗೆ ನಡೆದವರು. ನಡಿಗೆಯ ಧ್ಯಾನಕ್ಕೆ ಬುದ್ಧರು ಐದು ಲಾಭ ಹೇಳುತ್ತಾರೆ: ದೂರ ಪ್ರಯಾಣದ ತಾಳಿಕೆ, ಸಾಧನೆಯ ತಾಳಿಕೆ, ಆರೋಗ್ಯ, ತಿಂದದ್ದು ಅರಗುವುದು, ಮತ್ತು ನಡೆಯುತ್ತಾ ಗಳಿಸಿದ ಏಕಾಗ್ರತೆ ಬಹಳ ಹೊತ್ತು ಉಳಿಯುವುದು. ನಾಲ್ಕನೆಯದು ನನ್ನ ವಯಸ್ಸಿಗೆ ಎಲ್ಲಕ್ಕಿಂತ ಮುಖ್ಯ.

ಹೆಸರಿಡುವ ಚಟದ ಬಗ್ಗೆ. ಬರ್ಮಾದ ಧ್ಯಾನಗುರು ಮಹಾಸಿ ಸಯಾಡೊ ಅವರ ಪದ್ಧತಿಯಲ್ಲಿ ಹೆಸರು ಇಡುವುದೇ ಒಂದು ಉಪಕರಣ, ಆದರೆ ಇಡುವ ಜಾಗ ಬೇರೆ. ಕುಟ್ರುಹಕ್ಕಿ ಕೂಗಿದರೆ ‘ಕುಟ್ರುಹಕ್ಕಿ’ ಎನ್ನುವುದಿಲ್ಲ, ‘ಕೇಳುತ್ತಿದೆ, ಕೇಳುತ್ತಿದೆ’ ಎಂದು ಮನಸ್ಸಿನಲ್ಲೇ ಗುರುತು ಹಾಕುತ್ತಾರೆ. ನೀವು ಕರಡಿನವರು, ನಿಮಗೆ ಬೇಗ ಅರ್ಥವಾದೀತು: ಪದವನ್ನು ಓದಬೇಡಿ, ಮಸಿ ನೋಡಿ. ಬಾಹಿಯನೆಂಬ ಸಾಧಕ ಬೀದಿಯಲ್ಲೇ ಅಡ್ಡಗಟ್ಟಿ ಉಪದೇಶ ಕೇಳಿದಾಗ ಬುದ್ಧರು ಹೇಳಿದ್ದೂ ಇದನ್ನೇ. ಕಂಡದ್ದರಲ್ಲಿ ಕಂಡದ್ದಷ್ಟೇ ಇರಲಿ, ಕೇಳಿದ್ದರಲ್ಲಿ ಕೇಳಿದ್ದಷ್ಟೇ ಇರಲಿ.

ಬಿದಿರುಮೆಳೆ:

ಅಮ್ಮ ಬರೆದ ಮೇಲೆ ನಾನು ಬರೆಯಲು ಹೆಚ್ಚೇನೂ ಇಲ್ಲ. ಒಂದು ಗೊಂದಲ ಮಾತ್ರ ಬಿಡಿಸುತ್ತೇನೆ. ಈಗ ಎಲ್ಲೆಡೆ ಕೇಳಿಬರುವ ‘ಅರಣ್ಯ ಸ್ನಾನ’ ಬೌದ್ಧ ಸಾಧನೆಯಲ್ಲ. ಶಿನ್ರಿನ್ ಯೊಕು ಎಂಬ ಪದವನ್ನು 1982ರಲ್ಲಿ ಜಪಾನಿನ ಅರಣ್ಯ ಇಲಾಖೆ ಚಾಲ್ತಿಗೆ ತಂದಿತು. ಪೇಟೆಯ ಜನ ಕಾಡಿಗೆ ಬರಲಿ, ಆರೋಗ್ಯ ಸುಧಾರಿಸಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಅದು ಹಿತ ಕೊಡುವಲ್ಲಿಗೆ ನಿಲ್ಲುತ್ತದೆ. ಆ ಹಿತ ಹೇಗೆ ಬಂತು, ಹೇಗೆ ಹೋಯಿತು ಎಂದು ನೋಡುವುದು ಅದರ ಕೆಲಸವಲ್ಲ.

ಕನಕಪುರದ ಕಡೆಯ ಒಂದು ರೆಸಾರ್ಟಿನಲ್ಲಿ ಇಂಥ ಒಂದು ದಿನಕ್ಕೆ ನಾಲ್ಕು ಸಾವಿರ ಕೊಟ್ಟು ಬಂದಿದ್ದೇನೆ. ಮರವನ್ನು ತಬ್ಬಿಕೊಳ್ಳಿ ಎಂದರು, ತಬ್ಬಿದೆವು. ಪಕ್ಕದಲ್ಲಿ ಛಾಯಾಗ್ರಾಹಕ ನಿಂತಿದ್ದ. ನನ್ನ ಮರದಲ್ಲಿ ಕೆಂಜಿಗದ ಗೂಡಿತ್ತು. ಅಂದು ನನಗೆ ಸಂವೇದನೆಗಳಿಗೇನೂ ಕೊರತೆಯಾಗಲಿಲ್ಲ.

ತುರಹಳ್ಳಿಯೇ ಬೇಕೆಂದಿಲ್ಲ, ಸರ್. ನಾನು ಭಾನುವಾರ ವಾಹನಗಳಿಲ್ಲದ ಹೊತ್ತಿನಲ್ಲಿ ಕಬ್ಬನ್ ಪಾರ್ಕಿನ ಬಿದಿರುಮೆಳೆಗಳ ಬಳಿ ಕೂರುತ್ತೇನೆ. ಬಿದಿರು ಒಂದಕ್ಕೊಂದು ಉಜ್ಜಿ ಕಿರ್ರೆನ್ನುವ ಸದ್ದಿಗೆ ಹೆಸರಿಲ್ಲ, ನಿಮಗೆ ಅನುಕೂಲವಾದೀತು. ಇಲ್ಲವೇ ಬೆಳಗ್ಗೆ ಬೇಗ ಲಾಲ್‌ಬಾಗಿನ ಬಂಡೆ. ಮುನ್ನೂರು ಕೋಟಿ ವರ್ಷದಷ್ಟು ಹಳೆಯ ಕಲ್ಲಿನ ಮೇಲೆ ಕೂತು ಅನಿತ್ಯದ ಬಗ್ಗೆ ಯೋಚಿಸುವುದರಲ್ಲಿ ಒಂದು ತಮಾಷೆಯಿದೆ.

ನಿವೃತ್ತ ವಾಚರ್:

ನಾನು ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದವನು, ಬಹುಕಾಲ ಬನ್ನೇರುಘಟ್ಟದ ಕಡೆ. ಧ್ಯಾನ ಗೀನ ಗೊತ್ತಿಲ್ಲ. ನನ್ನ ಮಗಳು ಈ ಚರ್ಚೆಯನ್ನು ತೋರಿಸಿದಳು, ಓದಿ ಎದೆ ಧಸಕ್ಕೆಂದಿತು. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನವರ ಮಾತಿಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಭಯ ಬಂದರೆ ಕೂತೇ ಇರಿ ಎಂಬುದು ತುರಹಳ್ಳಿಗೆ ಸರಿ, ಬನ್ನೇರುಘಟ್ಟಕ್ಕೆ ಸರಿಯಲ್ಲ. ಅಲ್ಲಿ ಆನೆಯಿದೆ. ಹಸಿ ಲದ್ದಿ ಕಂಡರೆ, ಬಿದಿರು ಈಗಷ್ಟೇ ಮುರಿದಂತಿದ್ದರೆ, ದನದ ಕೊಟ್ಟಿಗೆಯಂಥ ವಾಸನೆ ಗಾಳಿಯಲ್ಲಿ ಬಂದರೆ, ಅದು ಮನಸ್ಸಿನ ಭಯವಲ್ಲ, ಸುದ್ದಿ. ಎದ್ದು ಬಂದ ದಾರಿಯಲ್ಲೇ ವಾಪಸಾಗಬೇಕು. ಮೊದಲನೆಯದಾಗಿ, ಅನುಮತಿಯಿಲ್ಲದೆ ಆ ಕಾಡಿನೊಳಗೆ ಹೋಗುವಂತೆಯೇ ಇಲ್ಲ. ಯಾರೋ ಇದನ್ನು ಓದಿ ರಾಗಿಹಳ್ಳಿ ಕಡೆಯ ಮರದ ಬುಡದಲ್ಲಿ ಕಣ್ಣು ಮುಚ್ಚಿ ಕೂತರೆ ಅವರನ್ನು ಹುಡುಕಿಕೊಂಡು ಹೋಗುವವರು ನಮ್ಮ ಹುಡುಗರು.

ಮಗಳು ಇನ್ನೊಂದು ಹೇಳಿದಳು. ಅಮ್ಮನವರು ಬರೆದ ಬಾಹಿಯ, ಉಪದೇಶ ಕೇಳಿದ ಸ್ವಲ್ಪ ಹೊತ್ತಿಗೇ ಕರು ಜೊತೆಯಲ್ಲಿದ್ದ ಹಸು ತಿವಿದು ಸತ್ತನಂತೆ. ಅದನ್ನು ಯಾಕೆ ಬಿಟ್ಟಿರಿ ಅಮ್ಮ? ಕರು ಇರುವ ಹಸು, ಮರಿ ಇರುವ ಆನೆ, ಹಂದಿ, ಇವುಗಳಿಗೆ ಜ್ಞಾನಿಯೂ ಒಂದೇ, ನಾನೂ ಒಂದೇ.

ತುರಹಳ್ಳಿಗೂ ನಾಲ್ಕು ಮಾತು. ಹುತ್ತದ ಪಕ್ಕ, ಬಂಡೆಯ ಸಂದಿನ ಮುಂದೆ, ಲಂಟಾನ ಪೊದೆಗೆ ಬೆನ್ನು ಕೊಟ್ಟು ಕೂರಬೇಡಿ. ಕೂರುವ ಮೊದಲು ಕೋಲಿನಿಂದ ನೆಲವನ್ನು ನಾಲ್ಕು ಸಲ ಕುಟ್ಟಿ. ಕೊಳಕುಮಂಡಲ ಸುಲಭಕ್ಕೆ ಜಾಗ ಬಿಟ್ಟು ಓಡುವ ಹಾವಲ್ಲ, ತರಗೆಲೆಯಲ್ಲಿ ತರಗೆಲೆಯಾಗಿ ಬಿದ್ದಿರುತ್ತದೆ. ತಲೆಯೆತ್ತಿ ನೋಡಿ, ಬಂಡೆಯ ಹೊಟ್ಟೆಯಲ್ಲೋ ಕೊಂಬೆಯಲ್ಲೋ ಹೆಜ್ಜೇನು ಇದೆಯೇ ಎಂದು. ಸೆಂಟು ಹಾಕಿಕೊಂಡು ಬರಬೇಡಿ. ಊದುಬತ್ತಿ ಹಚ್ಚಲೇಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ. ಬೇಸಗೆಗೆ ಮುಂಚೆ ನಾವು, ಬೆಂಕಿ ಹರಡದಿರಲೆಂದು, ಮೈಲಿಗಟ್ಟಲೆ ಬೆಂಕಿ ರೇಖೆ ಸವರಿ ಇಡುತ್ತೇವೆ. ಒಣಹುಲ್ಲಿಗೆ ಒಂದು ಕಿಡಿ ಸಾಕು, ಅದು ದೇವರಿಗೆ ಹಚ್ಚಿದ್ದೋ ಬೀಡಿಗೆ ಹಚ್ಚಿದ್ದೋ ಎಂದು ಕೇಳುವುದಿಲ್ಲ. ಬೆಳಕು ಬಂದ ಮೇಲೆ ಒಳಗೆ ಹೋಗಿ, ಗೇಟಿನಲ್ಲಿ ಹೇಳಿದ ಹೊತ್ತಿಗೆ ಹೊರಗೆ ಬನ್ನಿ.

ಕಣ್ಣು ಮುಚ್ಚಬೇಕೋ ತೆರೆಯಬೇಕೋ ಎಂದು ಕೇಳಿದ್ದೀರಿ. ನಾವು ಬೀಟ್ ನಡೆಯುವಾಗ, ಅಂದರೆ ಗಸ್ತು ತಿರುಗುವಾಗ, ಕಣ್ಣಿಗಿಂತ ಕಿವಿಯನ್ನು ನಂಬುತ್ತಿದ್ದೆವು. ಹಕ್ಕಿ ಕೂಗುವುದಕ್ಕೆ ಕಿವಿ ಕೊಡುತ್ತಿರಲಿಲ್ಲ, ಕೂಗುತ್ತಿದ್ದದ್ದು ನಿಂತರೆ ಕಿವಿ ಕೊಡುತ್ತಿದ್ದೆವು. ಅದಕ್ಕೆ ಏನು ಹೆಸರೋ ಗೊತ್ತಿಲ್ಲ.

ಅರಳಿಕಟ್ಟೆ:

ವಾಚರ್ ಅವರೇ, ಹಸುವಿನ ಸಂಗತಿಯನ್ನು ಬಿಟ್ಟದ್ದು ನನ್ನ ತಪ್ಪು, ಒಪ್ಪಿದೆ. ನಿಮ್ಮ ಮಗಳಿಗೆ ನನ್ನ ಆಶೀರ್ವಾದ ತಿಳಿಸಿ. ಕೂಗು ನಿಂತದ್ದನ್ನು ಕೇಳುವ ನಿಮ್ಮ ಮಾತನ್ನು ಬರೆದಿಟ್ಟುಕೊಂಡಿದ್ದೇನೆ.

ಕರಡು ತಿದ್ದುವವ:

ಆರು ಭಾನುವಾರಗಳ ನಂತರ ಬರೆಯುತ್ತಿದ್ದೇನೆ. ಯಾರಿಗೂ ಆಗಲೇ ಉತ್ತರಿಸಲಿಲ್ಲ, ಕ್ಷಮಿಸಿ. ಮಾಡಿ ನೋಡದೆ ಧನ್ಯವಾದ ಹೇಳುವುದು ಓದದೆ ಸಹಿ ಹಾಕಿದಂತೆ ಎಂದು ಸುಮ್ಮನಿದ್ದೆ.

ಒಂದು ಹೊಂಗೆ ಮರ, ಒಂದು ಬೆಂಚಿನಷ್ಟು ಎತ್ತರದ ಕಲ್ಲು. ನಡುವೆ ಇಪ್ಪತ್ತೇಳು ಹೆಜ್ಜೆ. ಹುತ್ತವಿಲ್ಲ, ಪೊದೆಯಿಲ್ಲ, ಹೆಜ್ಜೇನಿಲ್ಲ, ಕೋಲಿನಿಂದ ಕುಟ್ಟಿಯೂ ನೋಡಿದ್ದೇನೆ. ಮೊದಲ ಭಾನುವಾರ ಹೆಜ್ಜೆ ಎಣಿಸುವುದೇ ಆಯಿತು. ಎರಡನೆಯದರಲ್ಲಿ ಒಂದು ಕಡೆಯಿಂದ ಇಪ್ಪತ್ತೇಳು, ಇನ್ನೊಂದು ಕಡೆಯಿಂದ ಇಪ್ಪತ್ತಾರು ಏಕೆ ಬರುತ್ತದೆ ಎಂದು ತಲೆ ಕೆಡಿಸಿಕೊಂಡೆ. ಕರಡಿನ ಬುದ್ಧಿ. ಮೂರನೆಯ ವಾರ ಯಾರದೋ ಹುಟ್ಟುಹಬ್ಬದ ಗುಂಪು ಸ್ಪೀಕರ್ ಹೊತ್ತು ತಂದಿತ್ತು. ‘ಕೇಳುತ್ತಿದೆ, ಕೇಳುತ್ತಿದೆ’ ಎಂದು ಗುರುತು ಹಾಕಿದೆ, ಆಮೇಲೆ ‘ಸಿಟ್ಟು, ಸಿಟ್ಟು’ ಎಂದು ಹಾಕಿದೆ, ಕೊನೆಗೆ ಮನೆಗೆ ಹೋದೆ. ಸಿಟ್ಟು ಮೆಟ್ರೋ ನಿಲ್ದಾಣದವರೆಗೂ ಜೊತೆಗೇ ಬಂತು.

ಹೇಳಬೇಕಾದ್ದು ನಾಲ್ಕನೆಯ ವಾರದ್ದು. ಹಿಂದಿನ ರಾತ್ರಿ ಗಾಳಿ ಬೀಸಿ ಹೊಂಗೆಯ ಹೂವು ಅರಳು ಚೆಲ್ಲಿದಂತೆ ಬಿದ್ದಿತ್ತು, ತಿಳಿ ನೇರಳೆ ಬಣ್ಣದ ಅರಳು. ತಪ್ಪಿಸಿಕೊಂಡು ನಡೆಯಲು ಜಾಗವಿರಲಿಲ್ಲ. ಚಪ್ಪಲಿ ಬಿಟ್ಟು ನಡೆದೆ. ಅಂಗಾಲಿಗೆ ಮೊದಲು ತಣ್ಣಗೆ, ಆಮೇಲೆ ಸಣ್ಣ ಒದ್ದೆ, ಆಮೇಲೆ ಮಣ್ಣಿನ ಗಟ್ಟಿ. ಎಷ್ಟನೆಯ ಸುತ್ತೋ ಗೊತ್ತಿಲ್ಲ. ಬಲಗಾಲು ಎತ್ತಿದ್ದೆ, ಇಳಿಸಲಿಲ್ಲ. ಕಾಲು ಗಾಳಿಯಲ್ಲಿಯೇ ನಿಂತಿತು. ಕೆಳಗೆ ಒಂದು ಹೂವು ತಾನೇ ನಡೆದುಹೋಗುತ್ತಿತ್ತು, ಓಲಾಡುತ್ತಾ, ಒಂದು ಕಡ್ಡಿಗೆ ಸಿಕ್ಕಿಕೊಂಡು, ಹಿಂದೆ ಸರಿದು, ಸುತ್ತುಹಾಕಿ. ಅದರ ಹಿಂದೆ ಇನ್ನೊಂದು. ‘ಇರುವೆ’ ಎಂಬ ಪದ ಆಮೇಲೆ ಬಂತು. ಎಷ್ಟು ಆಮೇಲೆ ಎಂದರೆ, ಅದು ಬರುವುದು ನನಗೆ ಕಾಣಿಸಿತು. ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವ ಹುಡುಗನಂತೆ ಬಂತು. ಇಪ್ಪತ್ತೆರಡು ವರ್ಷಗಳಲ್ಲಿ ಪದಕ್ಕಿಂತ ಮೊದಲು ವಸ್ತುವನ್ನು ನೋಡಿದ್ದು ನೆನಪಿಲ್ಲ.

ಇದು ಮತ್ತೆ ಆಗಲಿಲ್ಲ. ಐದನೆಯ ವಾರ ಅದೇ ಆಗಲೆಂದು ಕಾದು ಕಾದು ನಡೆದೆ, ಕಾಲು ನೋವು ಬಂತು. ಆರನೆಯ ವಾರ ಸಾಧಾರಣ.

ಭಯದ ಬಗ್ಗೆ: ಸರಸರ ಸದ್ದು ಇನ್ನೂ ಕುತ್ತಿಗೆಯನ್ನು ಬಿಸಿಮಾಡುತ್ತದೆ. ಆದರೆ ಈಗ ವಾಚರ್ ಅವರು ಹೇಳಿದಂತೆ ಮೊದಲು ಕಿವಿ ಕೊಡುತ್ತೇನೆ. ಪಿಕಳಾರಗಳು ತಮ್ಮ ಪಾಡಿಗೆ ಹರಟುತ್ತಿದ್ದರೆ ಕೂತೇ ಇರುತ್ತೇನೆ. ಸುತ್ತಲೂ ಒಮ್ಮೆಲೇ ಸದ್ದಡಗಿದರೆ ಕಣ್ಣು ತೆರೆದು ನೋಡುತ್ತೇನೆ. ಇಲ್ಲಿಯವರೆಗೆ ಬಂದವರು: ಎರಡು ನಾಯಿ, ಒಂದು ನವಿಲು, ಒಬ್ಬ ಸೈಕಲ್ ಸವಾರ.

ಹಳೆಯ ಸಾಧಕರೇ, ಮನೆಯಲ್ಲಿ ಬೆಳಗಿನ ಒಂದು ಗಂಟೆಯಲ್ಲಿ ಏನನ್ನೂ ಬೆರೆಸಿಲ್ಲ. ಸಂಜೆಯದು ತಪ್ಪುತ್ತದೆ, ಅದು ಬೇರೆ ಪಾಪ.

ಒಂದು ದುಷ್ಪರಿಣಾಮವನ್ನೂ ಹೇಳಿಬಿಡುತ್ತೇನೆ. ನಾಲ್ಕನೆಯ ಭಾನುವಾರದ ಮರುದಿನ ನಾನು ನೋಡಿ ಕಳಿಸಿದ ಲಗ್ನಪತ್ರಿಕೆಯಲ್ಲಿ ‘ಮುಹೂರ್ತ’ದ ದೀರ್ಘ ಬಿಟ್ಟುಹೋಗಿತ್ತು. ಐನೂರು ಪ್ರತಿ ಅಚ್ಚಾಗಿದೆ. ಮಾಲೀಕರು ಎರಡು ದಿನ ಮಾತನಾಡಿಸಲಿಲ್ಲ.

ಬಿದಿರುಮೆಳೆ:

ಮದುವೆಗೆ ಬಂದವರು ಮಸಿಯನ್ನಷ್ಟೇ ನೋಡಿರುತ್ತಾರೆ ಬಿಡಿ, ಸರ್.

ನಿವೃತ್ತ ವಾಚರ್:

ಮಳೆ ಹಿಡಿಯುತ್ತಿದೆ. ಬಂಡೆಯ ಮೇಲೆ ಪಾಚಿ ಬರುತ್ತದೆ, ಒದ್ದೆಯಾದಾಗ ಹತ್ತಬೇಡಿ. ಬರಿಗಾಲು ಸಾಕು ಇನ್ನು, ಉದ್ದನೆಯ ಶೂ ಹಾಕಿಕೊಳ್ಳಿ. ಗುಡುಗು ಕೇಳಿದರೆ ಆ ಹೊಂಗೆಯ ಕೆಳಗೆ ನಿಲ್ಲಬೇಡಿ, ಅಮ್ಮನವರು ಏನೇ ಹೇಳಲಿ.

ಅರಳಿಕಟ್ಟೆ:

ಅಮ್ಮನವರೂ ಅದನ್ನೇ ಹೇಳುತ್ತಾರೆ. ಮಳೆಗಾಲದ ಮೂರು ತಿಂಗಳು ಭಿಕ್ಷುಗಳೇ ಒಂದೆಡೆ ನೆಲೆ ನಿಲ್ಲುತ್ತಾರೆ, ಹಸಿ ಹುಲ್ಲನ್ನೂ ಸಣ್ಣಪುಟ್ಟ ಜೀವಗಳನ್ನೂ ತುಳಿಯುತ್ತಾರೆಂದು ಜನ ಆಕ್ಷೇಪಿಸಿದ ಮೇಲೆ ಆದ ನಿಯಮ ಅದು. ನಿಮ್ಮ ಮನೆಯ ಪಡಸಾಲೆ ಎಷ್ಟು ಹೆಜ್ಜೆ ಉದ್ದವಿದೆ?

ಕರಡು ತಿದ್ದುವವ:

ಒಂಬತ್ತು. ಸೋಫಾ ಸರಿಸಿದರೆ ಹನ್ನೊಂದು.